ಎರಡು ಬುಟ್ಟಿ, ಒಂದು ಚೀಲ: ಬೆಂಗಳೂರಿನ ಮನೆಗಸದ ನಿಯಮ ಬಳಕೆಯಲ್ಲಿ ಹೇಗಿದೆ?

ಬೆಂಗಳೂರಿನಲ್ಲಿ ಮನೆ ಮಾಡಿಕೊಂಡಿರುವ ಪ್ರತಿಯೊಬ್ಬರಿಗೂ ಅನ್ವಯಿಸುವ ‘ಎರಡು ಬುಟ್ಟಿ, ಒಂದು ಚೀಲ’ ಪದ್ಧತಿಯನ್ನು ನಾಗರಿಕ ಕರ್ತವ್ಯವೆಂದು ಬೋಧಿಸುವವರು ಬಹಳ ಮಂದಿ ಇದ್ದಾರೆ. ದಿನಬಳಕೆಯ ಒಂದು ವ್ಯವಸ್ಥೆಯೆಂದು ತಿಳಿದು, ಮಿಕ್ಸಿಯನ್ನೋ ನೀರಿನ ಫಿಲ್ಟರನ್ನೋ ಒರೆಗೆ ಹಚ್ಚುವಂತೆ ಅದರ ಗುಣದೋಷಗಳನ್ನು ನೋಡಿದವರು ಕಡಿಮೆ. ಹಸಿರು ಬುಟ್ಟಿಗೆ ಹಸಿ ಕಸ, ಕೆಂಪು ಬುಟ್ಟಿಗೆ ಸ್ಯಾನಿಟರಿ ಪ್ಯಾಡ್, ಡೈಪರ್, ಬ್ಯಾಂಡೇಜುಗಳಂತಹ ತಿರಸ್ಕೃತ ಕಸ, ಚೀಲಕ್ಕೆ ಒಣ ಕಸ: ಇಷ್ಟೇ ಇದರ ಸಾರ. ಬಾಡಿಗೆ ಮನೆಯೊಂದರ ಅಡುಗೆಮನೆ, ಅದಕ್ಕೆ ಅಂಟಿಕೊಂಡ ಕಿರಿದಾದ ಯುಟಿಲಿಟಿ ಜಾಗ, ಇವುಗಳ ನಡುವೆ ಈ ಪದ್ಧತಿಯನ್ನು ವರ್ಷಗಟ್ಟಲೆ ನಡೆಸಿಕೊಂಡು ಬಂದ ಅನುಭವದಿಂದ ನನ್ನ ಅಭಿಪ್ರಾಯವನ್ನು ಮೊದಲಿಗೇ ಹೇಳಿಬಿಡುತ್ತೇನೆ. ಯಾವ ಕಸ ಎಲ್ಲಿಗೆ ಹೋಗಬೇಕೆಂಬುದನ್ನು ಈ ನಿಯಮ ಸ್ಪಷ್ಟವಾಗಿ, ಜಾಣ್ಮೆಯಿಂದ ಹೇಳುತ್ತದೆ. ಕಸದ ಗಾಡಿ ಬರುವ ತನಕ ಆ ಕಸವನ್ನು ಎಲ್ಲಿ, ಹೇಗೆ ಇಟ್ಟುಕೊಳ್ಳಬೇಕೆಂಬುದನ್ನು ಮಾತ್ರ ಮನೆಯವರ ತಲೆಗೇ ಕಟ್ಟಿ ಸುಮ್ಮನಾಗುತ್ತದೆ. ಗಾಡಿ ಮನೆಯ ಮುಂದೆ ನಿಲ್ಲುವುದು ದಿನಕ್ಕೆ ಒಂದೆರಡು ನಿಮಿಷ. ಉಳಿದ ಹೊತ್ತೆಲ್ಲ ಕಸ ನಮ್ಮ ಜೊತೆಗೇ ಇರುತ್ತದೆ.

ನಿಯಮದ ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳುವುದಾದರೆ, 2012ರಲ್ಲಿ ಮಾವಳ್ಳಿಪುರದ ಕಸದ ಗುಡ್ಡೆಗೆ ಬಾಗಿಲು ಹಾಕಿದಾಗ ನಗರದ ಬೀದಿಗಳಲ್ಲಿ ಕಸ ರಾಶಿ ಬಿದ್ದು ನಾರಿತು; ಅದೇ ವರ್ಷದ ಅಕ್ಟೋಬರ್ 1ರಿಂದ ಮನೆಯಲ್ಲಿಯೇ ಕಸ ವಿಂಗಡಿಸುವುದು ಕಡ್ಡಾಯವಾಯಿತು. ಬೆಂಗಳೂರಿನ ಕಸ ನಮ್ಮೂರಿಗೆ ಬೇಡವೆಂದು ಮಂಡೂರಿನ ಜನ ಪಟ್ಟು ಹಿಡಿದ ಮೇಲೆ 2014ರ ಕೊನೆಯಲ್ಲಿ ಅಲ್ಲಿಗೆ ಸಾಗಿಸುವುದೂ ನಿಂತಿತು. ಬೇರ್ಪಡಿಸಿ ಎಂದು ಹೇಳಿದ್ದರೂ ಯಾವುದರಲ್ಲಿ ಬೇರ್ಪಡಿಸಬೇಕೆಂಬ ಗೊಂದಲ ಹಾಗೇ ಉಳಿದಿತ್ತು. ಅದನ್ನು ಬಗೆಹರಿಸಿದ್ದು 2015ರ ಡಿಸೆಂಬರ್ 17ರ ಕರ್ನಾಟಕ ಹೈಕೋರ್ಟಿನ ಆದೇಶ. ಹಸಿರು ಬುಟ್ಟಿ, ಕೆಂಪು ಬುಟ್ಟಿ, ಮತ್ತೆ ಮತ್ತೆ ಬಳಸಬಹುದಾದ ಒಂದು ಚೀಲ ಎಂದು ಇಡೀ ನಗರಕ್ಕೆ ಒಂದೇ ಮಾದರಿ ಬಂದದ್ದು ಆಗ. ಕೆಲವೇ ತಿಂಗಳ ನಂತರ, 2016ರ ಏಪ್ರಿಲ್ 8ರಂದು, ಕೇಂದ್ರ ಸರ್ಕಾರ ಘನತ್ಯಾಜ್ಯ ನಿರ್ವಹಣಾ ನಿಯಮಗಳನ್ನು ಹೊರಡಿಸಿತು. ಅದರಲ್ಲಿ ಸಾರ್ವಜನಿಕ ಸಂಗ್ರಹಣೆಯ ತೊಟ್ಟಿಗಳಿಗೆ ಸೂಚಿಸಿದ ಬಣ್ಣಗಳು ಹಸಿರು, ಬಿಳಿ ಮತ್ತು ಕಪ್ಪು. ಸ್ವಚ್ಛ ಭಾರತದ ಪ್ರಚಾರದಲ್ಲಿ ಹಸಿ ಕಸಕ್ಕೆ ಹಸಿರು, ಒಣ ಕಸಕ್ಕೆ ನೀಲಿ. ಹೀಗಾಗಿ ಇಂದಿಗೂ ಪಾತ್ರೆ ಅಂಗಡಿಗೆ ಹೋಗಿ ಜೋಡಿ ಡಸ್ಟ್‌ಬಿನ್ ಕೇಳಿದರೆ ಹಸಿರು ಮತ್ತು ನೀಲಿ ಬುಟ್ಟಿಗಳನ್ನು ಕೈಗಿಡುತ್ತಾರೆ, ಕೆಂಪನ್ನು ಹುಡುಕಿಸಬೇಕಾಗುತ್ತದೆ. ನೀಲಿ ಬುಟ್ಟಿ ಮನೆಗೆ ಬಂದರೆ ಅದಕ್ಕೆ ಒಣ ಕಸ ಬೀಳುತ್ತದೆ, ಪ್ಯಾಡು ಮತ್ತು ಡೈಪರಿಗೆ ಜಾಗವೇ ಇಲ್ಲದಂತಾಗಿ ಅವು ಹಸಿ ಕಸದ ಅಡಿಗೆ ಸೇರಿಕೊಳ್ಳುತ್ತವೆ. ಬಣ್ಣದ ವ್ಯತ್ಯಾಸ ಮೇಲ್ನೋಟಕ್ಕೆ ಕ್ಷುಲ್ಲಕವೆನಿಸಿದರೂ ಪರಿಣಾಮ ಮಾತ್ರ ಹಾಗಿಲ್ಲ.

ಮೊದಲು ಹಸಿರು ಬುಟ್ಟಿಯ ವಿಚಾರ, ಏಕೆಂದರೆ ಮನೆಗಸದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಅದರದೇ. ನಾಲ್ಕು ಜನರಿರುವ, ದಿನವೂ ಒಲೆ ಹಚ್ಚುವ ಮನೆಗೆ ಹತ್ತು ಲೀಟರಿನ ಬುಟ್ಟಿ ಸಾಕು. ದೊಡ್ಡದನ್ನು ತಂದರೆ ತುಂಬಲಿ ಎಂದು ಕಾಯುವ ಅಭ್ಯಾಸ ಬೆಳೆದು ಎರಡನೆಯ ದಿನಕ್ಕೆ ಹುಳ ಬೀಳುತ್ತದೆ. ಕಾಲಿನಿಂದ ಒತ್ತಿ ತೆರೆಯುವ ಬುಟ್ಟಿ ನೋಡುವುದಕ್ಕೆ ಚೆಂದವಾದರೂ ಈ ಕೆಲಸಕ್ಕೆ ನಾನು ಅದನ್ನು ಶಿಫಾರಸು ಮಾಡುವುದಿಲ್ಲ: ಅದರ ಒಳಡಬ್ಬಿ ಮತ್ತು ಹೊರಮೈಯ ನಡುವಿನ ಸಂದಿಯಲ್ಲಿ ರಸ ಇಳಿದು ಜಿರಳೆಗೆ ಸೊಗಸಾದ ಮನೆಯಾಗುತ್ತದೆ, ಕಾಲೊತ್ತಿನ ಕಂಬಿ ತುಕ್ಕು ಹಿಡಿದು ಮುಚ್ಚಳ ಅರ್ಧಕ್ಕೇ ನಿಲ್ಲುತ್ತದೆ. ಹಿಡಿಕೆಯಿರುವ, ಬಿಗಿಯಾದ ಮುಚ್ಚಳದ, ಒಳಗೆ ಮೂಲೆಗಳಿಲ್ಲದ ಸಾದಾ ಬಕೆಟ್ಟೇ ಒಳ್ಳೆಯದು. ತೊಳೆಯುವುದು ಸುಲಭ, ಬಿಸಿಲಿಗೆ ಬೋರಲು ಹಾಕುವುದೂ ಸುಲಭ.

ಈ ಬುಟ್ಟಿಗೆ ಪ್ಲಾಸ್ಟಿಕ್ ಕವರ್ ಹಾಕಕೂಡದೆಂಬುದು ಬೆಂಗಳೂರಿನ ಪದ್ಧತಿಯ ಮುಖ್ಯ ಷರತ್ತು, ಜನ ಅತಿ ಹೆಚ್ಚು ಮುರಿಯುವ ಷರತ್ತೂ ಅದೇ. ಕವರಿಗೆ ಬದಲಾಗಿ ಹಳೆಯ ದಿನಪತ್ರಿಕೆಯ ಎರಡು ಹಾಳೆಗಳನ್ನು ಅಡ್ಡ ಉದ್ದ ಹಾಕಿ, ಅಂಚುಗಳು ಬುಟ್ಟಿಯ ಬಾಯಿಯವರೆಗೆ ಬರುವಂತೆ ಒಳಗೆ ಒತ್ತಿದರೆ ತರಕಾರಿ ಸಿಪ್ಪೆಯ ತೇವವನ್ನು ಕಾಗದವೇ ಹೀರಿಕೊಳ್ಳುತ್ತದೆ, ಸುರಿಯುವಾಗ ಗಂಟಿನಂತೆ ಒಟ್ಟಿಗೆ ಜಾರುತ್ತದೆ. ಆದರೆ ಕಾಗದಕ್ಕೆ ಮಿತಿಯಿದೆ. ಉಳಿದ ಸಾರು, ಹುಳಿ ಬಂದ ಮಜ್ಜಿಗೆ, ಫಿಲ್ಟರಿನಿಂದ ತೆಗೆದ ಒದ್ದೆ ಕಾಫಿ ಚರಟ ಇವುಗಳನ್ನು ಹಾಗೆಯೇ ಬುಟ್ಟಿಗೆ ಬಗ್ಗಿಸಿದರೆ ಸಂಜೆಯ ಹೊತ್ತಿಗೆ ತಳದಲ್ಲಿ ಕಪ್ಪು ನೀರು ನಿಂತಿರುತ್ತದೆ. ಸಿಂಕಿನ ಮೇಲೆ ಹಳೆಯ ಜಾಲರಿಯೊಂದನ್ನು ಇಟ್ಟು, ನೀರು ಬಸಿದ ಮೇಲೆ ಉಳಿದದ್ದನ್ನಷ್ಟೇ ಬುಟ್ಟಿಗೆ ಹಾಕುವುದು ಒಳ್ಳೆಯದು. ಹಸಿ ಕಸದ ದುರ್ವಾಸನೆಯೆಂದು ನಾವು ದೂರುವುದರಲ್ಲಿ ಬಹುಪಾಲು ಈ ನೀರಿನದೇ. ನಿಯಮದ ಕರಪತ್ರಗಳಲ್ಲಿ ಬಾಳೆಹಣ್ಣಿನ ಸಿಪ್ಪೆಯ ಚಿತ್ರವಿರುತ್ತದೆ, ಈ ನೀರಿನ ಬಗ್ಗೆ ಒಂದಕ್ಷರವೂ ಇರುವುದಿಲ್ಲ.

ಕವರ್ ಏಕೆ ಬೇಡವೆಂಬುದು ಗಾಡಿಯ ಪಕ್ಕದಲ್ಲಿ ಒಂದು ನಿಮಿಷ ನಿಂತು ನೋಡಿದವರಿಗೆ ತಾನಾಗಿಯೇ ತಿಳಿಯುತ್ತದೆ. ಗಂಟು ಕಟ್ಟಿದ ಕವರನ್ನು ಯಾರಾದರೂ ಚಾಚಿದರೆ ಗಾಡಿಯ ಹೆಣ್ಣುಮಗಳು “ಅಕ್ಕಾ, ಬಿಚ್ಚಿ ಸುರೀರಿ, ಕವರ್ ನೀವೇ ಇಟ್ಕೊಳಿ” ಎಂದು ಹಿಂದಿರುಗಿಸುತ್ತಾರೆ. ಕೊಟ್ಟವರು ಕೇಳಿಸದಂತೆ ಒಳಗೆ ಹೋಗಿಬಿಟ್ಟರೆ ಆ ಗಂಟನ್ನು ಅವರೇ ಬೆರಳುಗಳಿಂದ ಹರಿಯಬೇಕು, ಒಳಗೆ ಒಡೆದ ಲೋಟವಿದ್ದರೆ ಅದು ಮೊದಲು ತಿಳಿಯುವುದು ಅವರ ಕೈಗೆ. ಹರಿಯದೆ ಉಳಿದ ಕವರುಗಳು ಗೊಬ್ಬರದ ಘಟಕದವರೆಗೂ ಪ್ರಯಾಣ ಮಾಡುತ್ತವೆ. 1975ರಲ್ಲಿ ಸ್ಥಾಪನೆಯಾದ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮದಂತಹ ಸಂಸ್ಥೆ ಈ ಊರಿನಲ್ಲೇ ಇದೆ. ಊರಿನ ಹಸಿ ಕಸವನ್ನು ಗೊಬ್ಬರ ಮಾಡುವ ಯೋಚನೆ ಬೆಂಗಳೂರಿಗೆ ಹೊಸದೇನಲ್ಲ. ಅಲ್ಲಿಗೆ ಹೋಗುವ ಕಸದಲ್ಲಿ ಪ್ಲಾಸ್ಟಿಕ್ ಬೆರೆತಿದ್ದರೆ ಗೊಬ್ಬರದಲ್ಲಿಯೂ ಅದರ ಚೂರುಗಳೇ ಹೊಳೆಯುತ್ತವೆ, ಅಂತಹ ಗೊಬ್ಬರವನ್ನು ಯಾವ ರೈತರೂ ಹೊಲಕ್ಕೆ ಹಾಕಿಕೊಳ್ಳುವುದಿಲ್ಲ.

ಹಬ್ಬದ ದಿನಗಳಲ್ಲಿ ಹಸಿರು ಬುಟ್ಟಿ ಸೋಲುತ್ತದೆ ಎಂಬುದನ್ನೂ ದಾಖಲಿಸಬೇಕು. ವರಮಹಾಲಕ್ಷ್ಮಿಯ ಮರುದಿನ ಬಾಳೆಕಂದು, ಮಾವಿನ ತೋರಣ, ಹಾರಗಳು; ಆಯುಧಪೂಜೆಯ ಮರುದಿನ ಒಡೆದ ಬೂದುಗುಂಬಳ. ಇವು ಹತ್ತು ಲೀಟರಿನ ಲೆಕ್ಕಕ್ಕೆ ಬರುವಂಥವಲ್ಲ. ಹಾರದ ಹೂವನ್ನು ಕಿತ್ತು ಬುಟ್ಟಿಗೆ ಹಾಕಿ ನೈಲಾನ್ ದಾರ ಮತ್ತು ಜರಿಯನ್ನು ಬೇರೆ ತೆಗೆಯಬೇಕೆಂಬುದು ಬಹಳ ಮನೆಗಳಲ್ಲಿ ಇನ್ನೂ ರೂಢಿಯಾಗಿಲ್ಲ. ಎಳನೀರಿನ ಬುರುಡೆ, ತೆಂಗಿನ ಚಿಪ್ಪು, ಅಂಗಳದ ತರಗೆಲೆ ಇವು ಕೊಳೆಯುವ ಪದಾರ್ಥಗಳೇ ಆದರೂ ನಿಧಾನವಾಗಿ ಕೊಳೆಯುವಂಥವು; ಅವನ್ನು ಗೋಣಿಚೀಲದಲ್ಲಿ ಬೇರೆಯಾಗಿಯೇ ಇಡುವುದು ಒಳಿತು. ತರಗೆಲೆಗೆ ಬೆಂಕಿ ಹಚ್ಚುವುದನ್ನಂತೂ 2016ರ ನಿಯಮಗಳೇ ನಿಷೇಧಿಸಿದ್ದವು, ಆದರೂ ಚಳಿಗಾಲದ ಬೆಳಗಿನಲ್ಲಿ ಎಷ್ಟು ಬಡಾವಣೆಗಳಲ್ಲಿ ಹೊಗೆ ಏಳುತ್ತದೆಂಬುದನ್ನು ನಡೆದಾಡುವವರು ಬಲ್ಲರು.

ಕೆಂಪು ಬುಟ್ಟಿ ಈ ಪದ್ಧತಿಯ ಅತ್ಯುತ್ತಮ ಅಂಶವೆಂದು ನಾನು ಭಾವಿಸುತ್ತೇನೆ, ಅತ್ಯಂತ ನಿರ್ಲಕ್ಷ್ಯಕ್ಕೆ ಒಳಗಾದ ಅಂಶವೂ ಅದೇ. 2016ರ ಕೇಂದ್ರ ನಿಯಮಗಳು ಬಳಸಿದ ಪ್ಯಾಡು, ಡೈಪರುಗಳನ್ನು ತಯಾರಕರು ಕೊಟ್ಟ ಪೊಟ್ಟಣದಲ್ಲಿ ಅಥವಾ ಬೇರೆ ಕಾಗದದಲ್ಲಿ ಸುತ್ತಿ, ಕೊಳೆಯದ ಕಸದ ಬುಟ್ಟಿಗೆ, ಅಂದರೆ ಒಣ ಕಸದ ಜೊತೆಗೆ ಹಾಕಬೇಕೆಂದು ಹೇಳಿದ್ದವು. ರಟ್ಟು, ಬಾಟಲಿಗಳ ನಡುವೆ ಕೈಯಾಡಿಸಿ ಆಯುವ ಮನುಷ್ಯನೊಬ್ಬನಿರುತ್ತಾನೆ ಎಂಬುದನ್ನು ಆ ನಿಯಮ ಬರೆದವರು ಮರೆತಂತಿದೆ. ಬೆಂಗಳೂರಿನ ಪದ್ಧತಿ ಅದನ್ನು ಮರೆಯಲಿಲ್ಲ; ರಕ್ತ, ಮಲ, ಕೀವು ತಾಕಿದ ಎಲ್ಲವನ್ನೂ ಪ್ರತ್ಯೇಕ ಬುಟ್ಟಿಗೆ ಹಾಕಿಸಿತು. ಈ ಬುಟ್ಟಿ ಚಿಕ್ಕದಿರಲಿ, ಐದು ಲೀಟರು ಸಾಕು, ಮುಚ್ಚಳ ಮಾತ್ರ ಭದ್ರವಾಗಿರಬೇಕು. ಇಡುವ ಜಾಗ ಅಡುಗೆಮನೆಯಲ್ಲ, ಬಚ್ಚಲುಮನೆಯ ಒಣ ಮೂಲೆ. ಪ್ಯಾಡನ್ನು ದಿನಪತ್ರಿಕೆಯಲ್ಲಿ ಸುತ್ತಿ ಮೇಲೆ ಕೆಂಪು ಪೆನ್ನಿನಿಂದ ಗುರುತು ಹಾಕುವುದು, ಡೈಪರಿನ ಮಲವನ್ನು ಮೊದಲು ಕಕ್ಕಸಿಗೆ ಹಾಕಿ ನೀರು ಬಿಟ್ಟು ಆಮೇಲೆ ಸುತ್ತುವುದು, ಬ್ಲೇಡುಗಳನ್ನು ಮುಚ್ಚಳವಿರುವ ಹಳೆಯ ಡಬ್ಬಿಯಲ್ಲಿ ಕೂಡಿಹಾಕುವುದು, ಇವೆಲ್ಲ ಎರಡು ನಿಮಿಷದ ಕೆಲಸಗಳು. ಮನೆಗೆಲಸದವರಿರುವ ಮನೆಗಳಲ್ಲಿ ಈ ಬುಟ್ಟಿಯನ್ನು ಯಾರು ಎತ್ತುತ್ತಾರೆ, ಸುತ್ತದೆ ಬಿಸಾಡಿದ್ದನ್ನು ಯಾರು ಸುತ್ತುತ್ತಾರೆ ಎಂಬುದನ್ನು ವಿಚಾರಿಸಿದರೆ ಆ ಮನೆಯ ಬಗ್ಗೆ ಬೇರೇನನ್ನೂ ವಿಚಾರಿಸಬೇಕಾಗಿಲ್ಲ.

ಇನ್ನು ಚೀಲ. ಒಣ ಕಸಕ್ಕೆ ಬುಟ್ಟಿಯ ಬದಲು ಚೀಲವನ್ನು ಗೊತ್ತುಮಾಡಿದವರಿಗೆ ಬಾಡಿಗೆ ಮನೆಗಳ ಪರಿಚಯ ಚೆನ್ನಾಗಿಯೇ ಇತ್ತು ಎನ್ನಬೇಕು. ಬಾಗಿಲ ಹಿಂದಿನ ಮೊಳೆಗೆ ನೇತು ಹಾಕಬಹುದು, ನೆಲದ ಜಾಗ ಹೋಗುವುದಿಲ್ಲ, ಖಾಲಿಯಾದಾಗ ಮಡಚಿಡಬಹುದು. ಅಕ್ಕಿ ತಂದ ಹತ್ತು ಕೆಜಿಯ ನೇಯ್ದ ಚೀಲವೇ ಸಾಕು, ಹೊಸದನ್ನು ಕೊಳ್ಳಬೇಕಾಗಿಲ್ಲ. ಷರತ್ತು ಒಂದೇ: ಒಣ ಕಸ ನಿಜವಾಗಿಯೂ ಒಣಗಿರಬೇಕು. ನಂದಿನಿ ಹಾಲಿನ ಪೊಟ್ಟಣವನ್ನು ತೊಳೆಯದೆ ಹಾಕಿದರೆ ಮರುದಿನವೇ ಚೀಲವೆಲ್ಲ ಹುಳಿ ನಾತ. ಪೊಟ್ಟಣದ ಮೂಲೆಯನ್ನು ಪೂರ್ತಿ ಕತ್ತರಿಸಿ ಎಸೆಯದೆ, ಒಂದು ಎಳೆ ಉಳಿಯುವಂತೆ ಸೀಳಿ ಹಾಲು ಸುರಿದುಕೊಂಡು, ಅಕ್ಕಿ ತೊಳೆದ ನೀರಿನಲ್ಲಿ ಒಮ್ಮೆ ಜಾಲಾಡಿಸಿ, ಸಿಂಕಿನ ಹಿಂದಿನ ಹಂಚಿಗೆ ಅಂಟಿಸಿಬಿಟ್ಟರೆ ಮಧ್ಯಾಹ್ನದ ಹೊತ್ತಿಗೆ ಒಣಗಿ ತಾನೇ ಬಿದ್ದಿರುತ್ತದೆ. ಕತ್ತರಿಸಿ ಎಸೆದ ಆ ಉಗುರಿನಷ್ಟು ಮೂಲೆಯನ್ನು ಆಯುವವರು ಯಾರೂ ಇಲ್ಲ; ಅದು ಚರಂಡಿಗೋ ಹಸಿ ಕಸಕ್ಕೋ ಸೇರುತ್ತದೆ, ದಿನಕ್ಕೆ ಲಕ್ಷಾಂತರ ಪೊಟ್ಟಣ ಒಡೆಯುವ ಊರಿನಲ್ಲಿ ಅದು ಸಣ್ಣ ಲೆಕ್ಕವಲ್ಲ. ಎಣ್ಣೆಯ ಕವರು ಮಾತ್ರ ಎಷ್ಟು ತೊಳೆದರೂ ಜಿಡ್ಡು ಬಿಡದು, ಅದಕ್ಕೆ ನನ್ನಲ್ಲಿ ಉಪಾಯವಿಲ್ಲ.

ಚೀಲದ ಕಸ ವಾರ್ಡಿನ ಒಣ ತ್ಯಾಜ್ಯ ಸಂಗ್ರಹಣಾ ಕೇಂದ್ರಕ್ಕೆ ಹೋಗುತ್ತದೆ. ಇಂತಹ ಎಷ್ಟೋ ಕೇಂದ್ರಗಳನ್ನು ಹಿಂದೆ ಬೀದಿಯಲ್ಲಿ ಚಿಂದಿ ಆಯುತ್ತಿದ್ದವರೇ ನಡೆಸುತ್ತಿದ್ದಾರೆ. ಹಸಿರುದಳ ಸಂಸ್ಥೆ ಅವರನ್ನು ಸಂಘಟಿಸಿದೆ, 2011ರಿಂದಲೇ ಅವರಿಗೆ ಪಾಲಿಕೆಯ ಗುರುತಿನ ಚೀಟಿಗಳೂ ಸಿಕ್ಕಿವೆ. ಇಲ್ಲಿ ನಮ್ಮ ಕಡೆಯ ಒಂದು ಚತುರತೆಯನ್ನು ಹೇಳದೆ ಹೋದರೆ ವಿಮರ್ಶೆ ಪ್ರಾಮಾಣಿಕವಾಗದು. ದಿನಪತ್ರಿಕೆ, ಬಿಯರ್ ಬಾಟಲಿ, ಹಳೆಯ ಕುಕ್ಕರು, ಒಳ್ಳೆಯ ರಟ್ಟು ಇವನ್ನೆಲ್ಲ ಗುಜರಿ ಅಂಗಡಿಗೆ ಮಾರಿ ಕಾಸು ಮಾಡಿಕೊಳ್ಳುತ್ತೇವೆ. ಚಿಪ್ಸ್ ಪೊಟ್ಟಣ, ಥರ್ಮಾಕೋಲ್, ಹರಿದ ಚಪ್ಪಲಿ, ತೆಳು ಕವರುಗಳನ್ನು ಮಾತ್ರ ಚೀಲಕ್ಕೆ ತುಂಬಿ ‘ಮರುಬಳಕೆಗೆ ಕೊಟ್ಟೆವು’ ಎಂದು ಹೇಳಿಕೊಳ್ಳುತ್ತೇವೆ. ಕೇಂದ್ರ ನಡೆಸುವವರ ಆದಾಯ ಬರುವುದು ಮೊದಲನೆಯ ಪಟ್ಟಿಯಿಂದ, ಶ್ರಮ ಹೋಗುವುದು ಎರಡನೆಯದಕ್ಕೆ. ಗುಜರಿಗೆ ಮಾರುವುದು ತಪ್ಪಲ್ಲ. ಚೀಲದಲ್ಲಿಯೂ ಬೆಲೆಬಾಳುವ ಒಂದಿಷ್ಟು ಇದ್ದರೆ ಆ ಕೇಂದ್ರಗಳು ಉಳಿಯುತ್ತವೆ ಎಂಬುದಷ್ಟೇ ನನ್ನ ಮಾತು.

ಸಂಗ್ರಹಣೆಯ ಸೇವೆಯ ಬಗ್ಗೆ ಹೇಳುವಾಗ ಒಂದೇ ತೀರ್ಪು ಇಡೀ ನಗರಕ್ಕೆ ಹೊಂದದು. ಹಸಿ ಕಸ ಮತ್ತು ಕೆಂಪು ಬುಟ್ಟಿಯ ಕಸ ದಿನವೂ, ಒಣ ಕಸ ಸಾಮಾನ್ಯವಾಗಿ ವಾರಕ್ಕೆ ಎರಡು ಸಲ ಎಂಬುದು ಕ್ರಮ. ನಮ್ಮ ಬೀದಿಯ ಗಾಡಿ ಒಂದು ವಾರ ಏಳು ಗಂಟೆಗೆ ಬಂದರೆ ಮತ್ತೊಂದು ವಾರ ಹತ್ತು ದಾಟಿಸುತ್ತದೆ, ಒಣ ಕಸದ ದಿನ ಯಾವುದೆಂಬುದು ಗಾಡಿಯವರು ಬದಲಾದಾಗಲೆಲ್ಲ ಬದಲಾಗುತ್ತದೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳಿಗೆ, ಪಿಜಿಗಳಲ್ಲಿರುವ ಹುಡುಗ ಹುಡುಗಿಯರಿಗೆ ಇದು ನಿಜವಾದ ತೊಡಕು. ಎಂಟಕ್ಕೆ ಮನೆ ಬಿಡುವವರು ಒಂಬತ್ತಕ್ಕೆ ಬರುವ ಗಾಡಿಗೆ ಬುಟ್ಟಿಯನ್ನು ಯಾರ ಕೈಯಲ್ಲಿ ಕೊಡಿಸಬೇಕು? ಗೇಟಿನ ಹೊರಗಿಟ್ಟರೆ ನಾಯಿ ಉರುಳಿಸುತ್ತದೆ, ಒಳಗಿಟ್ಟರೆ ಗಾಡಿಯವರು ಬಂದು ಎತ್ತಿಕೊಳ್ಳುವುದಿಲ್ಲ. ಕಾಂಪೌಂಡಿನ ಕಂಬಿಗೆ ನಾಯಿಗೆ ಎಟುಕದ ಎತ್ತರದಲ್ಲಿ ಕೊಕ್ಕೆ ಹಾಕಿ ಬುಟ್ಟಿ ತೂಗುಹಾಕುವ ಮನೆಗಳಿವೆ. ಎರಡನೆಯ ಮಹಡಿಯಿಂದ ಹಗ್ಗ ಕಟ್ಟಿ ಇಳಿಸುವವರೂ ಇದ್ದಾರೆ. ಜನ ತಾವೇ ಕಂಡುಕೊಂಡ ಇಂತಹ ಉಪಾಯಗಳಲ್ಲಿ ಒಂದನ್ನಾದರೂ ನಿಯಮದ ಕರಪತ್ರಕ್ಕೆ ಸೇರಿಸಿದ್ದರೆ ಚೆನ್ನಾಗಿತ್ತು. ಉಪಾಯ ಕಾಣದವರು ರಾತ್ರಿ ಬೈಕಿನ ಹ್ಯಾಂಡಲಿಗೆ ಕವರ್ ಸಿಕ್ಕಿಸಿಕೊಂಡು ಹೋಗಿ ತಿರುವಿನಲ್ಲಿ ಬಿಸಾಡುತ್ತಾರೆ, ಆ ತಿರುವು ‘ಬ್ಲ್ಯಾಕ್ ಸ್ಪಾಟ್’ ಎನಿಸಿಕೊಳ್ಳುತ್ತದೆ, ಅಲ್ಲಿ ರಂಗೋಲಿ ಹಾಕಿ ಹೂಕುಂಡ ಇಡಲಾಗುತ್ತದೆ, ಕಸ ಹತ್ತು ಅಡಿ ಆಚೆಗೆ ಸರಿಯುತ್ತದೆ. 2025ರ ಅಕ್ಟೋಬರ್ ಕೊನೆಯಲ್ಲಿ ರಸ್ತೆಗೆ ಕಸ ಎಸೆದವರನ್ನು ಗುರುತಿಸಿ ಅವರ ಮನೆ ಮುಂದೆಯೇ ಕಸ ಸುರಿದು ದಂಡ ಹಾಕಿದ ಕ್ರಮ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಎಸೆಯುವವರನ್ನು ನಾಚಿಸುವುದಕ್ಕೆ ನನ್ನ ತಕರಾರಿಲ್ಲ. ಆದರೆ ಸಂಜೆಯ ಹೊತ್ತು ಒಂದು ಗಾಡಿಯನ್ನು ಖಚಿತ ಸಮಯಕ್ಕೆ ಓಡಿಸಿದರೆ ನಾಚಿಸಬೇಕಾದವರ ಸಂಖ್ಯೆ ಎಷ್ಟು ಇಳಿಯುತ್ತದೆಂಬುದನ್ನು ಮೊದಲು ನೋಡಬೇಕಿತ್ತು.

ಈ ಮಾತನ್ನು ಒತ್ತಿ ಹೇಳಲು ಕಾರಣ, ಸೇವೆ ಈಗ ಉಚಿತವಲ್ಲ. 2025ರ ಏಪ್ರಿಲ್‌ನಿಂದ ಆಸ್ತಿ ತೆರಿಗೆಯ ಜೊತೆಗೆ ಘನತ್ಯಾಜ್ಯ ಬಳಕೆದಾರರ ಶುಲ್ಕ ಸೇರಿದೆ: ಕಟ್ಟಡದ ವಿಸ್ತೀರ್ಣ 600 ಚದರ ಅಡಿಯವರೆಗೆ ಇದ್ದರೆ ತಿಂಗಳಿಗೆ 10 ರೂಪಾಯಿ, 1,000ದವರೆಗೆ 50, 2,000ದವರೆಗೆ 100, ಹೀಗೆ ಏರುತ್ತ 4,000 ಚದರ ಅಡಿ ಮೀರಿದ ಮನೆಗೆ 400 ರೂಪಾಯಿ. ದರ ಹೆಚ್ಚೆಂದು ನನಗನ್ನಿಸುವುದಿಲ್ಲ, ಒಂದು ತಿಂಗಳ ಕೇಬಲ್ ಟಿವಿಗೆ ಇದಕ್ಕಿಂತ ಹೆಚ್ಚು ತೆರುತ್ತೇವೆ. ಆದರೆ ಶುಲ್ಕ ಕಟ್ಟಡದ ಅಳತೆಯನ್ನು ನೋಡುತ್ತದೆ, ಕಸದ ಅಳತೆಯನ್ನಾಗಲಿ ಬೇರ್ಪಡಿಸಿದ ಶ್ರಮವನ್ನಾಗಲಿ ನೋಡುವುದಿಲ್ಲ. ಕಸ ಬೇರ್ಪಡಿಸುವ ಮನೆಗೂ ಬೆರೆಸಿ ಕೊಡುವ ಮನೆಗೂ ಒಂದೇ ದರ. ಅದಕ್ಕಿಂತ ಹೆಚ್ಚು ನೋಯಿಸುವುದು, ಬೇರೆ ಬೇರೆಯಾಗಿ ಕೊಟ್ಟ ಕಸವನ್ನು ಕಣ್ಣೆದುರಿಗೇ ಒಂದೇ ತೊಟ್ಟಿಗೆ ಸುರಿಯುವ ಗಾಡಿಗಳು. ಕೆಲವು ಬೀದಿಗಳಲ್ಲಿ ಇದು ಇಂದಿಗೂ ನಡೆಯುತ್ತದೆ, ಅದನ್ನು ಒಮ್ಮೆ ನೋಡಿದ ಮನೆಯವರನ್ನು ಮತ್ತೆ ವಿಂಗಡಣೆಗೆ ಒಪ್ಪಿಸುವುದು ಬಹಳ ಕಷ್ಟ.

ಅಪಾರ್ಟ್‌ಮೆಂಟುಗಳ ಕಥೆ ಬೇರೆ. ದಿನಕ್ಕೆ 100 ಕೆಜಿಗಿಂತ ಹೆಚ್ಚು ಕಸ ಬರುವ ಸಂಕೀರ್ಣಗಳನ್ನು 2016ರ ನಿಯಮಗಳು ಸಗಟು ತ್ಯಾಜ್ಯ ಉತ್ಪಾದಕರೆಂದು ಗುರುತಿಸಿದ್ದವು. ಅವು ತಮ್ಮ ಹಸಿ ಕಸವನ್ನು ಆದಷ್ಟು ಆವರಣದಲ್ಲೇ ಗೊಬ್ಬರ ಮಾಡಬೇಕು ಅಥವಾ ಪ್ರತ್ಯೇಕ ವ್ಯವಸ್ಥೆ ಮಾಡಿಕೊಳ್ಳಬೇಕು. ಸಂಘ ಚುರುಕಾಗಿದ್ದಲ್ಲಿ ಬೆಳಿಗ್ಗೆ ಮನೆ ಬಾಗಿಲಿಗೆ ಬಂದು ಕಸ ಒಯ್ಯುತ್ತಾರೆ, ಬುಟ್ಟಿಯನ್ನು ಗೊತ್ತಾದ ಒಂದು ಗಂಟೆಯ ಮಟ್ಟಿಗೆ ಬಾಗಿಲ ಹೊರಗೆ ಇಡಲು ಬಿಡುತ್ತಾರೆ, ಬೆರೆಸಿಟ್ಟ ಬುಟ್ಟಿಯನ್ನು ಹಾಗೇ ಬಿಟ್ಟು ಹೋಗುತ್ತಾರೆ. ಮೂರೇ ವಾರದಲ್ಲಿ ಇಡೀ ಕಟ್ಟಡ ತಿದ್ದಿಕೊಂಡದ್ದನ್ನು ಪರಿಚಿತರ ಮನೆಯಲ್ಲಿ ಕಂಡಿದ್ದೇನೆ. ಎಲ್ಲಿ, ಎಷ್ಟು ಹೊತ್ತು ಎಂಬ ಎರಡು ಪ್ರಶ್ನೆಗಳಿಗೆ ಅಲ್ಲಿ ಉತ್ತರವಿತ್ತು ಎಂಬುದಷ್ಟೇ ಅದರ ಗುಟ್ಟು.

ಮನೆಯಲ್ಲೇ ಗೊಬ್ಬರ ಮಾಡುವವರಿಗೆ ಹಸಿರು ಬುಟ್ಟಿಯ ತಾಪತ್ರಯ ಬಹುಪಾಲು ಇಲ್ಲ. ಬೆಂಗಳೂರಿನ ಡೈಲಿ ಡಂಪ್ ಸಂಸ್ಥೆಯ, ಒಂದರ ಮೇಲೊಂದು ಕೂರುವ ಮಣ್ಣಿನ ಮಡಕೆಗಳ ‘ಕಂಬ’ ಇದಕ್ಕೆ ಬಹಳ ಮನೆಗಳಲ್ಲಿ ಬಳಕೆಯಲ್ಲಿದೆ. ಬಾಲ್ಕನಿಯಲ್ಲಿ ಗಾಳಿಯಾಡಿದರೆ, ತೆಂಗಿನ ನಾರಿನ ಪುಡಿಯನ್ನು ಜಿಪುಣತನ ಮಾಡದೆ ಹಾಕಿದರೆ ಕೆಲಸ ನಡೆಯುತ್ತದೆ. ಮಳೆಗಾಲದಲ್ಲಿ ಗುಂಗುರುಗಳ ಕಾಟ ಇದ್ದೇ ಇರುತ್ತದೆ.

2026ರ ಏಪ್ರಿಲ್ 1ರಿಂದ ದೇಶಕ್ಕೆಲ್ಲ ಹೊಸ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಅನ್ವಯವಾಗಿ, ಕಸ ನಾಲ್ಕು ಬಗೆಯಾಗಿದೆ: ಹಸಿ, ಒಣ, ಸ್ಯಾನಿಟರಿ, ಮತ್ತು ವಿಶೇಷ ಜಾಗ್ರತೆಯ ಕಸ. ಪ್ಯಾಡು, ಡೈಪರುಗಳನ್ನು ಒಣ ಕಸದಿಂದ ಬಿಡಿಸಿದ್ದರಿಂದ ಬೆಂಗಳೂರು 2015ರಲ್ಲಿ ಕಂಡುಕೊಂಡದ್ದನ್ನೇ ದೇಶ ಈಗ ಒಪ್ಪಿದಂತಾಯಿತು. ಪೇಂಟಿನ ಡಬ್ಬಿ, ಬಲ್ಬು, ಪಾದರಸದ ಥರ್ಮಾಮೀಟರು, ಅವಧಿ ಮೀರಿದ ಮಾತ್ರೆ ಇವುಗಳಿಗೆ ನಾಲ್ಕನೆಯ ಜಾಗ ಬೇಕು. ಇದಕ್ಕಾಗಿ ಯಾರೂ ನಾಲ್ಕನೆಯ ಬುಟ್ಟಿ ಕೊಳ್ಳಲು ಅಂಗಡಿಗೆ ಓಡಬೇಕಾಗಿಲ್ಲ. ಇವು ನಾರುವುದಿಲ್ಲ, ತಿಂಗಳಿಗೆ ನಾಲ್ಕಾರು ಬಂದರೆ ಹೆಚ್ಚು. ಚಪ್ಪಲಿ ತಂದ ರಟ್ಟಿನ ಪೆಟ್ಟಿಗೆಯೊಂದನ್ನು ಮಕ್ಕಳ ಕೈಗೆಟುಕದ ಅಟ್ಟದ ಮೇಲಿಟ್ಟರೆ ಆರು ತಿಂಗಳು ಸಾಕಾಗುತ್ತದೆ. ಪೆಟ್ಟಿಗೆ ತುಂಬಿದ ದಿನ ಅದನ್ನು ಯಾವ ಗಾಡಿಗೆ, ಯಾವ ಕೇಂದ್ರಕ್ಕೆ ಕೊಡಬೇಕೆಂಬುದನ್ನು ಪ್ರತಿ ವಾರ್ಡಿನ ಗಾಡಿಯ ಮೈಮೇಲೆ ಬರೆಸುವುದು ಆಡಳಿತದ ಪಾಲಿನ ಕೆಲಸ; ಅದರ ಪಕ್ಕದಲ್ಲಿ ಗಾಡಿ ಬರುವ ಸಮಯವನ್ನೂ ಬರೆಸಿದರೆ ಅಷ್ಟೇ ಬಣ್ಣದಲ್ಲಿ ಎರಡು ಕೆಲಸ ಮುಗಿಯುತ್ತವೆ.